ಸಣ್ಣ ವಿಮಾನದ ಎಂಜಿನ್ ಕೌಲಿಂಗ್: ಯಾವ ತಗಡು, ಯಾವ ವಿಧಾನ, ಜೋಡಣೆ ಎಲ್ಲಿ?

ಎಂಜಿನನ್ನು ಮುಚ್ಚುವ ಹೊದಿಕೆಯೇ ಕೌಲಿಂಗ್. ಅದರ ಕೆಲಸಕ್ಕೆ ಕೈಹಾಕುವವರು ಮೊದಲು ಕೇಳುವುದು "ಯಾವ ಅಲಾಯ್ ತರಲಿ?" ಎಂದು. ಯಾವ ಮಿಶ್ರಲೋಹ ಎಂಬುದು ನನ್ನ ಪ್ರಕಾರ ಎರಡನೆಯ ಪ್ರಶ್ನೆ. ತುಂಡುಗಳ ನಡುವಿನ ಜೋಡಣೆ ಎಲ್ಲಿ ಬರಬೇಕು ಎಂಬುದು ಮೊದಲನೆಯದು. ಆ ಗೆರೆಯನ್ನು ಒಂದೆರಡು ಇಂಚು ಹಿಂದೆ ಮುಂದೆ ಸರಿಸಿದರೆ, ದಿನಗಟ್ಟಲೆ ಬಡಿದು ಬಗ್ಗಿಸಬೇಕಿದ್ದ ತಗಡು ಸುಮ್ಮನೆ ಸುತ್ತಿ ಕೂರಿಸುವ ತಗಡಾಗುತ್ತದೆ. ಅಲಾಯ್, ಟೆಂಪರ್ (ಲೋಹದ ಗಟ್ಟಿತನದ ಸ್ಥಿತಿ), ಉಪಕರಣ, ರಿವೆಟ್ ಎಲ್ಲವೂ ಆ ಗೆರೆಯನ್ನು ಹಿಂಬಾಲಿಸುತ್ತವೆ. ಹಾಗಾಗಿ ಈ ಹೋಲಿಕೆಯನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಕೌಲಿಂಗ್ ಎಂದರೆ ಒಂದೇ ವಸ್ತುವಲ್ಲ. ಪ್ರೊಪೆಲ್ಲರ್ ಹಿಂದೆ ಗಾಳಿ ಒಳಬರುವ ಬಾಯಿಗಳಿರುವ ನೋಸ್ ಬೌಲ್, ಮೇಲಿನ ಹಾಳೆ, ಎರಡು ಪಕ್ಕದ ಹಾಳೆಗಳು, ಕೆಳಭಾಗ, ಬಿಸಿಗಾಳಿ ಹೊರಬೀಳುವ ತುಟಿ, ಒಳಗೆ ಸಿಲಿಂಡರ್‌ಗಳ ಸುತ್ತ ಗಾಳಿಗೆ ದಾರಿ ಕಟ್ಟುವ ಬ್ಯಾಫಲ್ ತಗಡುಗಳು. ಇವೆಲ್ಲಕ್ಕೂ ಒಂದೇ ಲೋಹ, ಒಂದೇ ದಪ್ಪ ಎಂದು ಹೊರಟರೆ ಕೆಲವೆಡೆ ಸುಮ್ಮನೆ ಒದ್ದಾಡುತ್ತೀರಿ, ಕೆಲವೆಡೆ ಬಿರುಕು ಕಾಣುತ್ತೀರಿ.

ಕಾಗದ ಹೊದಿಸಿ ನೋಡಿ

ದಪ್ಪನೆಯ ಡ್ರಾಯಿಂಗ್ ಹಾಳೆಯೊಂದನ್ನು ಆ ಭಾಗದ ಅಚ್ಚಿನ ಮೇಲೋ ಹಳೆಯ ಕೌಲಿಂಗ್ ಮೇಲೋ ಹೊದಿಸಿ. ಹಾಳೆ ಸುಕ್ಕಿಲ್ಲದೆ ಮೈಗೆ ಅಂಟಿ ಕೂತರೆ ಅಲ್ಲಿರುವುದು ಒಂದೇ ದಿಕ್ಕಿನ ಬಾಗು. ಗಟ್ಟಿ ಟೆಂಪರಿನ ತಗಡೂ ಅಲ್ಲಿ ಹಾಗೆಯೇ ಕೂರುತ್ತದೆ. ಅಂಚಿನಲ್ಲಿ ನೆರಿಗೆ ಬಿದ್ದರೆ ಅಲ್ಲಿ ಲೋಹ ಕುಗ್ಗಬೇಕು. ಕೂರಿಸಲೆಂದು ಕತ್ತರಿ ಹಾಕಿದ ಸೀಳು ಬಾಯಿ ಬಿಟ್ಟುಕೊಂಡರೆ ಅಲ್ಲಿ ಲೋಹ ಹಿಗ್ಗಬೇಕು. ಆ ಸೀಳು ಎಷ್ಟು ಅಗಲ ಬಿಟ್ಟಿತೋ ಅಷ್ಟೇ ಹಿಗ್ಗಿಸುವ ಕೆಲಸ ಬಾಕಿ ಇದೆ ಎಂದರ್ಥ. ನೆರಿಗೆ ಎಲ್ಲಿ ಮುಗಿದು ನುಣುಪು ಎಲ್ಲಿ ಶುರುವಾಗುತ್ತದೋ ಅಲ್ಲೊಂದು ಗೆರೆ ಎಳೆಯಿರಿ. ಜೋಡಣೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ: ಮುಂದಿನ ಗುಂಡಗಿನ ಭಾಗ ಮೆದು ಲೋಹದಲ್ಲಿ ಅಥವಾ ಫೈಬರಿನಲ್ಲಿ (ರಾಳದಲ್ಲಿ ನೆನೆಸಿದ ಗಾಜಿನ ಎಳೆ), ಹಿಂದಿನದೆಲ್ಲ ಗಟ್ಟಿ ತಗಡಿನಲ್ಲಿ.

ಎರಡು ದಿಕ್ಕಿನ ಬಾಗನ್ನು ಪೂರ್ತಿ ತಪ್ಪಿಸಲಾಗದೇ ಎಂದು ಕೇಳಬಹುದು. ಮೂತಿಯಲ್ಲಿ, ಎಂದರೆ ನೋಸ್ ಬೌಲಿನಲ್ಲಿ, ಆಗದು. ಗಾಳಿ ಒಳಹೋಗುವ ಬಾಯಿಯ ಅಂಚು ಗುಂಡಾಗಿಲ್ಲದಿದ್ದರೆ ಗಾಳಿಯ ಹರಿವು ಅಲ್ಲಿಯೇ ಒಡೆದು ಸುಳಿ ಕಟ್ಟುತ್ತದೆ. ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಸಿಎ 1928ರಲ್ಲಿ ಲ್ಯಾಂಗ್ಲಿಯ ಗಾಳಿ ಸುರಂಗದಲ್ಲಿ ಫ್ರೆಡ್ ವೈಕ್ ನೇತೃತ್ವದಲ್ಲಿ ರೇಡಿಯಲ್ (ಸಿಲಿಂಡರುಗಳು ಚಕ್ರದ ಕಡ್ಡಿಯಂತೆ ಸುತ್ತ ಕೂತ) ಎಂಜಿನ್‌ಗಳ ಮೇಲೆ ನಡೆಸಿದ ಪ್ರಯೋಗಗಳು, ಸರಿಯಾದ ಆಕಾರದ ಹೊದಿಕೆ ಗಾಳಿಯ ತಡೆಯನ್ನು ತಗ್ಗಿಸುತ್ತಲೇ ಎಂಜಿನನ್ನೂ ತಂಪಾಗಿಡಬಲ್ಲದು ಎಂದು ತೋರಿಸಿದವು. ಆ ಕೆಲಸಕ್ಕೆ ವಿಮಾನಯಾನದ ಸಾಧನೆಗೆ ಕೊಡುವ ಕಾಲಿಯರ್ ಟ್ರೋಫಿ 1929ರಲ್ಲಿ ಬಂತು. ಇಂದಿನ ಅಡ್ಡ ಸಿಲಿಂಡರಿನ ಎಂಜಿನ್‌ಗಳ ಕೌಲಿಂಗ್ ನೋಡಲು ಬೇರೆ, ಆದರೆ ದುಂಡು ತುಟಿಯ ಲೆಕ್ಕ ಬದಲಾಗಿಲ್ಲ.

ನಾಲ್ಕು ಅಲಾಯ್‌ಗಳು, ಒಂದು ತಪ್ಪು ನಂಬಿಕೆ

ಅಂಗಡಿಯಲ್ಲಿ ಸಾಮಾನ್ಯವಾಗಿ ಎದುರಾಗುವ ಅಲ್ಯೂಮಿನಿಯಂ ಅಲಾಯ್‌ಗಳು 2024-ಟಿ3, 6061-ಟಿ6, 5052-ಎಚ್32 ಮತ್ತು 3003-ಎಚ್14. ಮೊದಲ ಸಂಖ್ಯೆ ಅಲಾಯಿನ ಹೆಸರು, ಆಮೇಲಿನ ಟಿ, ಎಚ್ ಟೆಂಪರಿನ ಗುರುತು. ಎಳೆತ ತಾಳುವ ಶಕ್ತಿಯಲ್ಲಿ ಇದೇ ಕ್ರಮ: 2024 ಸುಮಾರು 480 ಮೆಗಾಪ್ಯಾಸ್ಕಲ್, 6061 ಸುಮಾರು 310, 5052 ಸುಮಾರು 230, 3003 ಸುಮಾರು 150. ಈ ಅಂಕಿಗಳನ್ನು ನೋಡಿದವರು "ವಿಮಾನಕ್ಕಲ್ಲವೇ, 2024 ಬಿಟ್ಟು ಬೇರೆ ಯಾಕೆ?" ಎನ್ನುತ್ತಾರೆ.

ಇಲ್ಲೇ ಎಡವುವುದು. ಕೌಲಿಂಗ್ ಹಾಳೆ ಗಾಳಿಯಲ್ಲಿ ಪಟಪಟ ಎನ್ನುವುದು, ಬೆರಳಿಂದ ಒತ್ತಿದರೆ ಡಬ್ಬಿಯ ಮುಚ್ಚಳದಂತೆ ಒಳಗೆ ಹೊರಗೆ ಟಪ್ಪೆನ್ನುವುದು ಶಕ್ತಿಯ ಕೊರತೆಯಿಂದಲ್ಲ, ಬಿಗುವಿನ ಕೊರತೆಯಿಂದ. ಬಿಗುವಿನಲ್ಲಿ ಈ ನಾಲ್ಕೂ ಹೆಚ್ಚುಕಡಿಮೆ ಒಂದೇ. ಎಲ್ಲದರ ಸ್ಥಿತಿಸ್ಥಾಪಕ ಗುಣಾಂಕ 70 ಗಿಗಾಪ್ಯಾಸ್ಕಲ್ ಆಸುಪಾಸಿನಲ್ಲೇ ಇದೆ. ದುಬಾರಿ ಅಲಾಯ್ ತಂದರೆ ಪಟಪಟ ನಿಲ್ಲುವುದಿಲ್ಲ. ದಪ್ಪ ಹೆಚ್ಚಿಸಿದರೆ ನಿಲ್ಲುತ್ತದೆ, ಏಕೆಂದರೆ ಬಾಗುವಿಕೆಗೆ ಒಡ್ಡುವ ಬಿಗುವು ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 0.025 ಇಂಚಿನಿಂದ 0.032 ಇಂಚಿಗೆ ಹೋದರೆ ತೂಕ ಶೇ. 28 ಹೆಚ್ಚು, ಬಿಗುವು ಎರಡು ಪಟ್ಟಿಗಿಂತ ತುಸು ಹೆಚ್ಚು. ಅದಕ್ಕಿಂತಲೂ ಅಗ್ಗದ ದಾರಿ, ಹಾಳೆಗೆ ಸ್ವಲ್ಪ ಉಬ್ಬು ಕೊಡುವುದು ಅಥವಾ ಬೀಡ್ ರೋಲರಿನಲ್ಲಿ ಒಂದೆರಡು ಏಣು ಎಬ್ಬಿಸುವುದು. ಅದಕ್ಕೆ ತೂಕವೇ ಇಲ್ಲ.

ಹಾಗಾದರೆ ಅಲಾಯ್ ಎಲ್ಲಿ ಮುಖ್ಯ? ಕಂಪನದಲ್ಲಿ. ನಾಲ್ಕು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ 2,400 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 80 ಬಾರಿ ಉರಿ ಬೀಳುತ್ತದೆ. ಗಂಟೆಗೆ 2,88,000 ಬಡಿತ. ಲೋಹಗಳ ದಣಿವಿನ ಪರೀಕ್ಷೆಯಲ್ಲಿ ರೂಢಿಯಾಗಿರುವ 50 ಕೋಟಿ ಆವರ್ತನೆ ಎಂಬ ಗಡಿಯನ್ನು ಇಂಥ ಎಂಜಿನ್ 1,700 ಗಂಟೆ ದಾಟುವಷ್ಟರಲ್ಲಿ ಮುಟ್ಟುತ್ತದೆ. ಲೈಕಮಿಂಗ್ ಓ-320 ಎಂಜಿನಿನ ಓವರ್‌ಹಾಲ್ (ಪೂರ್ತಿ ಬಿಚ್ಚಿ ದುರಸ್ತಿ ಮಾಡುವ) ಅವಧಿ 2,000 ಗಂಟೆ ಎಂದು ನೆನೆದರೆ, ಒಂದು ಎಂಜಿನಿನ ಆಯುಸ್ಸಿನೊಳಗೇ ಆಯಿತು. ಕೈಪಿಡಿಗಳ ಪ್ರಕಾರ ಅಷ್ಟು ಆವರ್ತನೆಗೆ ತಾಳುವ ಒತ್ತಡ 2024-ಟಿ3ಗೆ ಸುಮಾರು 138 ಮೆಗಾಪ್ಯಾಸ್ಕಲ್, 5052-ಎಚ್32ಗೆ 117, 6061-ಟಿ6ಗೆ 97, 3003-ಎಚ್14ಗೆ 62. ಕ್ರಮ ಹೇಗೆ ಬದಲಾಯಿತು ನೋಡಿ. ಎಳೆತದಲ್ಲಿ 2024ರ ಅರ್ಧದಷ್ಟೂ ಇಲ್ಲದ 5052, ಕಂಪನದಲ್ಲಿ 6061ನ್ನು ಹಿಂದೆ ಹಾಕಿ ಎರಡನೆಯ ಸ್ಥಾನಕ್ಕೆ ಬಂತು. ಅದರ ಮೇಲೆ ಅದು ಚೆನ್ನಾಗಿ ಬಾಗುತ್ತದೆ, ವೆಲ್ಡ್ ಆಗುತ್ತದೆ, ತುಕ್ಕಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಸಣ್ಣಪುಟ್ಟ ಬ್ರಾಕೆಟ್, ಗಾಳಿ ಕೊಳವೆಯ ಚಾಚು, ಆಳವಿಲ್ಲದ ಉಬ್ಬಿನ ಮುಚ್ಚಳ ಇಂಥವಕ್ಕೆ ನಾನು ಕಣ್ಣುಮುಚ್ಚಿ 5052 ಆರಿಸುತ್ತೇನೆ. ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

2024-ಟಿ3 ಬೇಕಾದದ್ದು ಬ್ಯಾಫಲ್‌ಗಳಿಗೆ ಮತ್ತು ಕೀಲು, ಫಾಸ್ಟನರ್ ಕೂರುವ ಅಂಚುಪಟ್ಟಿಗಳಿಗೆ. ಅದನ್ನು ಗ್ಯಾಸ್ ವೆಲ್ಡ್ ಮಾಡುವ ಮಾತೇ ಬೇಡ. ಚೂಪಾಗಿ ಮಡಿಸಿದರೆ ಮಡಿಕೆಯ ಹೊರಮೈ ಸಿಡಿಯುತ್ತದೆ. ಶುದ್ಧ ಅಲ್ಯೂಮಿನಿಯಂ ಲೇಪವಿರುವ ಆಲ್‌ಕ್ಲ್ಯಾಡ್ ತಗಡನ್ನೇ ಕೊಳ್ಳಿ. ಲೇಪವಿಲ್ಲದ 2024 ತೇವ ತಾಗಿದರೆ ಬೇಗ ಹುಳುಕು ಹಿಡಿಯುತ್ತದೆ.

3003 ಮೂತಿಯ ಲೋಹ. ಹೇಳಿದ ಮಾತು ಕೇಳುತ್ತದೆ, ಬಡಿದು ಗಟ್ಟಿಯಾದರೆ ಕಾಯಿಸಿ ಮತ್ತೆ ಮೆದು ಮಾಡಬಹುದು, ಗ್ಯಾಸ್ ವೆಲ್ಡಿಂಗಿಗೆ ಒಲಿಯುತ್ತದೆ. ದಣಿವಿಗೆ ಬೇಗ ಸೋಲುವುದರಿಂದ ಅದನ್ನು ತೆಳ್ಳಗೆ ಬಳಸಬೇಡಿ, 0.040 ಇಂಚು, ಎಂದರೆ 1 ಮಿ.ಮೀ., ತೆಗೆದುಕೊಂಡರೆ ಬಡಿಯುವಾಗ ತೆಳುವಾಗುವುದಕ್ಕೂ ಅವಕಾಶ ಉಳಿಯುತ್ತದೆ. ಆ ದಪ್ಪದಲ್ಲಿ ಚದರ ಮೀಟರಿಗೆ ಸುಮಾರು 2.7 ಕಿಲೋ ತೂಗುತ್ತದೆ.

6061 ನಡುವಿನದು, ಎಲ್ಲದಕ್ಕೂ ಸುಮಾರಾಗಿ ಒಪ್ಪುತ್ತದೆ. ಮೇಲಿನ ಮತ್ತು ಪಕ್ಕದ ಹಾಳೆಗೆ ಸಾಕು, 2024ಗಿಂತ ಅಗ್ಗ, ತುಕ್ಕು ಕಡಿಮೆ. ಟಿ6 ಸ್ಥಿತಿಯಲ್ಲಿ ವೆಲ್ಡ್ ಮಾಡಿದರೆ ವೆಲ್ಡಿನ ಅಕ್ಕಪಕ್ಕ ಶಕ್ತಿ ಕುಸಿಯುತ್ತದೆ ಎಂಬುದು ಗೊತ್ತಿರಲಿ.

ಅಲಾಯ್ ಬದಲಾದರೆ ನಕ್ಷೆಯೂ ಬದಲಾಗಬೇಕು

ಇದನ್ನು ಕಡೆಗಣಿಸುವವರೇ ಹೆಚ್ಚು. ಹಳೆಯ ಬ್ಯಾಫಲನ್ನು ಬಿಚ್ಚಿ, ಚಪ್ಪಟೆ ಮಾಡಿ, ಅದರ ಸುತ್ತ ಗೆರೆ ಎಳೆದು ಕೈಗೆ ಸಿಕ್ಕ ಅಲಾಯಿನಲ್ಲಿ ಹೊಸದು ಕತ್ತರಿಸಿದರೆ ತೂತುಗಳು ತಾಳೆಯಾಗುವುದಿಲ್ಲ. ಕಾರಣ ಮಡಿಕೆಯ ತ್ರಿಜ್ಯ.

0.8 ಮಿ.ಮೀ. ದಪ್ಪದ 2024-ಟಿ3 ತಗಡಿಗೆ ಒಳತ್ರಿಜ್ಯ ಸುಮಾರು 3.2 ಮಿ.ಮೀ. ಕೊಡಬೇಕು. ಮಡಿಕೆ ನುಂಗುವ ಲೋಹದ ಉದ್ದಕ್ಕೆ ರೂಢಿಯ ಸೂತ್ರ: ತ್ರಿಜ್ಯವನ್ನು 0.01743ರಿಂದ, ದಪ್ಪವನ್ನು 0.0078ರಿಂದ ಗುಣಿಸಿ, ಎರಡನ್ನೂ ಕೂಡಿಸಿ, ಮಡಿಸುವ ಡಿಗ್ರಿಯಿಂದ ಗುಣಿಸಿ. 90 ಡಿಗ್ರಿಗೆ ಅದು 5.6 ಮಿ.ಮೀ. ಬರುತ್ತದೆ. ಎರಡೂ ಬದಿಯಲ್ಲಿ ತ್ರಿಜ್ಯ ಮತ್ತು ದಪ್ಪದ ಮೊತ್ತವಾದ 4 ಮಿ.ಮೀ.ಯಂತೆ ಒಟ್ಟು 8 ಮಿ.ಮೀ. ಕಳೆದು ಈ 5.6 ಸೇರಿಸಿದರೆ, ಹೊರ ಅಳತೆಗಳ ಮೊತ್ತಕ್ಕಿಂತ ಚಪ್ಪಟೆ ತುಂಡು 2.4 ಮಿ.ಮೀ. ಚಿಕ್ಕದಿರಬೇಕು. ಅದೇ ದಪ್ಪದ 3003ನ್ನು 0.8 ಮಿ.ಮೀ. ತ್ರಿಜ್ಯಕ್ಕೆ ಮಡಿಸಿದರೆ ಕಳೆಯಬೇಕಾದ್ದು 1.4 ಮಿ.ಮೀ. ಮಾತ್ರ. ಒಂದು ಮಡಿಕೆಗೆ ಒಂದು ಮಿಲಿಮೀಟರ್ ವ್ಯತ್ಯಾಸ. ಮೂರು ಮಡಿಕೆಯ ಬ್ಯಾಫಲಿನಲ್ಲಿ ಅದು ಮೂರು ಮಿಲಿಮೀಟರ್, ಎಂದರೆ ತೂತಿನ ಅರ್ಧಕ್ಕರ್ಧ ಪಕ್ಕಕ್ಕೆ ಹೋಯಿತು. ಮೊದಲು ಅಲಾಯ್ ಗೊತ್ತು ಮಾಡಿ, ಆಮೇಲೆ ಗೆರೆ ಎಳೆಯಿರಿ.

ಮಡಿಕೆ ತಗಡಿನ ಎಳೆಗೆ (ಕಾರ್ಖಾನೆಯಲ್ಲಿ ಉರುಳಿಸಿದ ದಿಕ್ಕಿಗೆ) ಅಡ್ಡವಾಗಿ ಬರಲಿ. ಎರಡು ಮಡಿಕೆ ಸೇರುವ ಮೂಲೆಯಲ್ಲಿ ಮೊದಲೇ ಒಂದು ದುಂಡು ತೂತು ಕೊರೆದಿಡಿ. ಗೆರೆಗೆ ಸೂಜಿಯೂ ಬೇಡ, ಸೀಸದ ಕಡ್ಡಿಯೂ ಬೇಡ: ಸೂಜಿಯ ಗೀರು ಬಿರುಕಿಗೆ ದಾರಿ, ಸೀಸದ ಕಡ್ಡಿಯ ಗ್ರಾಫೈಟ್ ತುಕ್ಕಿಗೆ ದಾರಿ. ಮಾರ್ಕರ್ ಪೆನ್ ಸಾಕು.

ಮೆದು ಮಾಡಿ ಬಡಿಯುವುದೋ, ಮೆದುವಾದದ್ದನ್ನೇ ತರುವುದೋ

3003 ಮತ್ತು 5052 ಶಾಖಸಂಸ್ಕಾರದಿಂದಲ್ಲ, ಬಡಿತ ಹೊರಳಾಟದಿಂದ ಗಟ್ಟಿಯಾಗುವ ಲೋಹಗಳು. ಇವನ್ನು ಮನೆಯ ಗ್ಯಾರೇಜಿನಲ್ಲೂ ಮೆದು ಮಾಡಬಹುದು. ಅಸಿಟಿಲೀನ್ ಜಾಸ್ತಿ ಬಿಟ್ಟು ತಗಡಿನ ಮೇಲೆ ಮಸಿ ಹಿಡಿಸಿ, ಆಮೇಲೆ ಜ್ವಾಲೆ ಸರಿಪಡಿಸಿಕೊಂಡು, ಮಸಿ ಮಾಯವಾಗುವವರೆಗೆ ಒಂದೇ ಕಡೆ ನಿಲ್ಲದೆ ಕಾಯಿಸುವುದು ಹಳೆಯ ಪದ್ಧತಿ. ಬೇಕಾದ ಶಾಖ 400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಕಬ್ಬಿಣದ ಅಭ್ಯಾಸದವರು ಇಲ್ಲಿ ಮೋಸ ಹೋಗುತ್ತಾರೆ, ಏಕೆಂದರೆ ಅಲ್ಯೂಮಿನಿಯಂ ಕೆಂಪಾಗುವುದಿಲ್ಲ. ಬಣ್ಣಕ್ಕಾಗಿ ಕಾದು ಕೂತರೆ ತಗಡಿನ ನಡುವೆ ಇದ್ದಕ್ಕಿದ್ದಂತೆ ತೂತು ಬೀಳುತ್ತದೆ.

2024ರ ಕತೆ ಬೇರೆ. ಮೆದುವಾದ ಓ ಸ್ಥಿತಿಯಲ್ಲಿ ತಂದು ಆಕಾರ ಕೊಡಬಹುದು, ಆದರೆ ಆಮೇಲೆ 493 ಡಿಗ್ರಿಗೆ ಏರಿಸಿ ನೀರಿಗೆ ಅದ್ದಿ ಗಟ್ಟಿ ಮಾಡಬೇಕು. ತಾಪ ಕೆಲವೇ ಡಿಗ್ರಿಯ ಅಂಕೆಯಲ್ಲಿರಬೇಕು: ಈ ಅಲಾಯ್ 502ರಲ್ಲೇ ಕರಗಲು ತೊಡಗುತ್ತದೆ. ಅದ್ದಿದ ತಗಡು ಸೊಟ್ಟಗಾಗುತ್ತದೆ. ಸುಮಾರು ಅರ್ಧ ಗಂಟೆ ಮೆದುವಾಗಿರುವಷ್ಟರಲ್ಲಿ ತಿದ್ದಿಕೊಳ್ಳಬೇಕು. ಫ್ರೀಜರಿನಲ್ಲಿಟ್ಟು ಆ ಅವಧಿಯನ್ನು ಎಳೆಯುವ ಉಪಾಯವೂ ಉಂಟು. ನಂಬಿಕೆಯ ಕುಲುಮೆ ಕೈಯಲ್ಲಿಲ್ಲದವರು 2024-ಓ ಕಡೆ ತಿರುಗಿಯೂ ನೋಡಬಾರದು. ಹಾಗೇ ಮೆದುವಾಗಿ ಬಿಟ್ಟ 2024ಗಿಂತ 5052 ಎಲ್ಲ ಬಗೆಯಲ್ಲೂ ಮೇಲು.

ಇವೆರಡರ ನಡುವೆ ಜಾಣ ದಾರಿಯೊಂದಿದೆ: 6061-ಟಿ4. ಟಿ6ಗಿಂತ ಮೆದು, ಸಾಧಾರಣ ಬಾಗಿಗೆ ಒಪ್ಪುತ್ತದೆ. ಆಕಾರ ಮುಗಿದ ಮೇಲೆ 177 ಡಿಗ್ರಿಯಲ್ಲಿ 8 ಗಂಟೆ ಅಥವಾ 160 ಡಿಗ್ರಿಯಲ್ಲಿ 18 ಗಂಟೆ ಇಟ್ಟರೆ ಟಿ6 ಆಗುತ್ತದೆ. ನೀರಿಗೆ ಅದ್ದುವುದಿಲ್ಲವಾದ್ದರಿಂದ ಸೊಟ್ಟಗಾಗುವ ಭಯವೂ ಇಲ್ಲ. ಪೌಡರ್ ಕೋಟಿಂಗ್ ಮಾಡುವವರ ಒಲೆಯಂಥದ್ದು, ತಾಪ ನಿಖರವಾಗಿ ನಿಲ್ಲುವುದಾದರೆ, ಸಾಕು.

ಆಕಾರ ಕೊಡುವ ದಾರಿಗಳು

ಅಂಚು ಮಡಿಸಿದ ಚಪ್ಪಟೆ ಭಾಗಗಳಿಗೆ ತಗಡು ಮಡಿಸುವ ಬೆಂಡಿಂಗ್ ಬ್ರೇಕ್, ದೊಡ್ಡ ಬಾಗಿಗೆ ಉರುಳೆಗಳ ನಡುವೆ ಬಾಗಿಸುವ ಸ್ಲಿಪ್ ರೋಲ್. ಅದರಲ್ಲಿ ಹೇಳುವುದು ಹೆಚ್ಚಿಲ್ಲ. ಬ್ರೇಕಿನ ತುದಿ ಚೂಪಾಗಿದ್ದರೆ ಬೇಕಾದ ತ್ರಿಜ್ಯದ ತಗಡಿನ ಪಟ್ಟಿಯನ್ನು ಅದರ ಮೂಗಿಗೆ ಸುತ್ತಿಕೊಳ್ಳಿ.

ಬಾಗಿದ ಅಂಚಿನ ಮೇಲೆ ಮಡಿಕೆ ಎಬ್ಬಿಸಬೇಕಾದಾಗ ಮರದ ಅಚ್ಚಿನ ಕೆಲಸ ಶುರು. ಗಟ್ಟಿ ಮರದಲ್ಲಿ ಆಕಾರ ಕೊರೆದು, ಅಂಚನ್ನು ತ್ರಿಜ್ಯಕ್ಕೆ ತಕ್ಕಂತೆ ಗುಂಡಾಗಿಸಿ, ತಗಡು ಚಿಮ್ಮಿ ಹಿಂದೆ ಬರುವುದನ್ನು ಲೆಕ್ಕ ಹಿಡಿದು ಬದಿಯನ್ನು ಕೆಲವು ಡಿಗ್ರಿ ಒಳಕ್ಕೆ ಇಳಿಜಾರಾಗಿ ತೆಗೆಯಬೇಕು. ಎರಡು ಮರದ ತುಂಡುಗಳ ನಡುವೆ ತಗಡನ್ನು ಸಿಕ್ಕಿಸಿ, ಅಲುಗದಂತೆ ಎರಡು ಮೊಳೆಯ ತೂತಿನಿಂದ ಹಿಡಿದು, ವೈಸಿಗೆ ಕೊಟ್ಟು ಬಡಿಯುವುದು. ಬಡಿತದ ಕ್ರಮ ಇಲ್ಲಿ ಬಹಳ ಮುಖ್ಯ. ಹೊರಕ್ಕೆ ಉಬ್ಬಿದ ಅಂಚಾದರೆ, ಎಂದರೆ ಲೋಹ ಕುಗ್ಗಬೇಕಾದಲ್ಲಿ, ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು. ಒಳಕ್ಕೆ ತಗ್ಗಿದ ಅಂಚಾದರೆ ತುದಿಗಳಿಂದ ಶುರು ಮಾಡಿ ನಡುವಿಗೆ ಬರಬೇಕು. ಆಗ ತುದಿಯ ಲೋಹ ಸ್ವಲ್ಪವಾದರೂ ನಡುವಿಗೆ ಸರಿದು ಹಿಗ್ಗುವ ಭಾರ ಇಳಿಯುತ್ತದೆ. ಕುಗ್ಗಿಸುವಾಗ ಅಂಚಿನಲ್ಲಿ ಸಣ್ಣ ಅಲೆ ಏಳುತ್ತದೆ. ಆ ಅಲೆಯ ನೆತ್ತಿಗೆ ನೇರ ಹೊಡೆದರೆ ಅದು ಮಡಚಿ ತನ್ನ ಮೇಲೇ ಬೀಳುತ್ತದೆ, ಅಲ್ಲಿಗೆ ಆ ತುಂಡು ಮುಗಿಯಿತು. ಅಲೆಯ ಬುಡದಿಂದ, ಅಚ್ಚಿಗೆ ಹತ್ತಿರದ ಕಡೆಯಿಂದ, ಮರದ ಇಲ್ಲವೇ ನೈಲಾನ್ ಸುತ್ತಿಗೆಯಲ್ಲಿ ಹಗುರವಾಗಿ ತಟ್ಟುತ್ತ ಹೊರಗೆ ಬನ್ನಿ. ಅಲೆ ಗಿಡ್ಡವಾಗುತ್ತ ಲೋಹದೊಳಗೇ ಸೇರಿಹೋಗುವುದು ಕೈಗೆ ಗೊತ್ತಾಗುತ್ತದೆ, ಸದ್ದೂ ಬದಲಾಗುತ್ತದೆ.

ಶ್ರಿಂಕರ್-ಸ್ಟ್ರೆಚರ್ ಯಂತ್ರ ಇದೇ ಕೆಲಸವನ್ನು ಹತ್ತು ಪಟ್ಟು ಬೇಗ ಮಾಡುತ್ತದೆ. ಬೆಲೆ ತೆರುವುದು ಬೇರೆ ಕಡೆ: ಅದರ ಹಲ್ಲುಗಳು ತಗಡಿನ ಮೈಮೇಲೆ ಸಾಲು ಸಾಲು ಕಚ್ಚಿದ ಗುರುತು ಬಿಡುತ್ತವೆ, ಕಂಪನದಲ್ಲಿ ಪ್ರತಿ ಗುರುತೂ ಬಿರುಕಿಗೆ ಆಹ್ವಾನ. ಯಂತ್ರ ಬಳಸಿದರೆ ಅಂಚನ್ನು ಅರದಿಂದ ನುಣುಪಾಗಿಸಿ, ಗುರುತುಗಳನ್ನು ತೀಡಿ ತೆಗೆಯಲು ಸಮಯ ಇಟ್ಟುಕೊಳ್ಳಿ. ಬ್ಯಾಫಲ್ ಅಂಚಿಗೆ ನಾನು ಮರದ ಅಚ್ಚನ್ನೇ ಮೆಚ್ಚುತ್ತೇನೆ. ಕೌಲಿಂಗ್ ಬಾಯಿಯ ಒಳಪಟ್ಟಿಯಂಥ ಕಡೆ ಯಂತ್ರ ಪರವಾಗಿಲ್ಲ.

ಉಬ್ಬು ಹಾಳೆಗೆ ಮರಳು ಚೀಲ ಮತ್ತು ಇಂಗ್ಲಿಷ್ ವ್ಹೀಲ್ (ಎರಡು ಚಕ್ರಗಳ ನಡುವೆ ತಗಡು ಓಡಿಸುವ ಯಂತ್ರ) ಎರಡನ್ನೂ ಹೋಲಿಸುವವರಿದ್ದಾರೆ. ಅವು ಎದುರಾಳಿಗಳಲ್ಲ, ಒಂದು ಮುಗಿದಲ್ಲಿ ಇನ್ನೊಂದು ಶುರು. ಚೀಲದ ಮೇಲೆ ಬಡಿದು ಆಳ ತೆಗೆಯುವುದು, ವ್ಹೀಲಿನಲ್ಲಿ ಉಜ್ಜಿ ನಯ ಮಾಡುವುದು. ವ್ಹೀಲ್ ಹಿಗ್ಗಿಸಬಲ್ಲದೇ ಹೊರತು ಕುಗ್ಗಿಸಲಾರದು. ಅಂಚಿನ ನೆರಿಗೆಗೆ ಅದು ಮದ್ದಲ್ಲ. ಲೇಥಿನಲ್ಲಿ ತಿರುಗಿಸಿ ಒತ್ತುವ ಸ್ಪಿನ್ನಿಂಗ್ ಪೂರ್ತಿ ದುಂಡಗಿನ ಉಂಗುರಕ್ಕೆ ಸರಿ, ಒಂದೇ ತುಂಡಿಗಾಗಿ ಅಚ್ಚು ಕಟ್ಟುವುದು ದಂಡ.

ನೋಸ್ ಬೌಲ್: ಲೋಹವೋ ಫೈಬರೋ

ಲೋಹದಲ್ಲಿ ಮಾಡುವುದಾದರೆ ಮೂತಿಯನ್ನು ನಾಲ್ಕಾರು ತುಂಡಾಗಿ ಬಡಿದು, 3003 ತಗಡಿಗೆ 1100 ಕಡ್ಡಿಯಿಂದ ಗ್ಯಾಸ್ ವೆಲ್ಡ್ ಮಾಡಿ, ಬೆಸುಗೆಯನ್ನು ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡುವುದು ಕ್ರಮ. 4043 ಕಡ್ಡಿ ಹರಿಯುವುದು ಸುಲಭ, ಆದರೆ ಬೆಸುಗೆ ಬಿರುಸಾಗಿ ಬಡಿತಕ್ಕೆ ಸೀಳುತ್ತದೆ. ಬೆಸುಗೆಗೆ ಹಚ್ಚಿದ ಫ್ಲಕ್ಸನ್ನು ಬಿಸಿನೀರಲ್ಲಿ ತಿಕ್ಕಿ ತೊಳೆಯದಿದ್ದರೆ ಬಣ್ಣದಡಿಯಲ್ಲೇ ತಗಡು ಕೊಳೆಯುತ್ತದೆ.

ಫೈಬರ್ ಮೂತಿಗೆ ಅಚ್ಚು ಬೇಕು, ಆದರೆ ತುಟಿಯ ಆಕಾರ ಎಷ್ಟು ತಿರುಚಿದ್ದರೂ ಅದಕ್ಕೆ ಲೆಕ್ಕವಿಲ್ಲ. ಸ್ವಂತ ವಿಮಾನ ಕಟ್ಟುವವರ ವ್ಯಾನ್ಸ್ ಆರ್‌ವಿ ಸರಣಿಯ ಕಿಟ್‌ಗಳು ಫೈಬರ್ ಕೌಲಿಂಗಿನೊಂದಿಗೇ ಬರುತ್ತವೆ. ಕಾರ್ಖಾನೆಯ ವಿಮಾನಗಳಲ್ಲೂ ಲೋಹದ ಹಾಳೆಗೆ ಫೈಬರ್ ಮೂತಿ ಸೇರಿಸಿದ್ದು ಕಾಣಸಿಗುತ್ತದೆ. ಅದರ ದೌರ್ಬಲ್ಯ ಶಾಖ. ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಎಪಾಕ್ಸಿ ಎಂಜಿನ್ ಆಫ್ ಮಾಡಿದ ಮೇಲಿನ ಬಿಸಿಗೆ ಮೆತ್ತಗಾಗಿ ಜೋತುಬೀಳಬಹುದು. ಒಲೆಯಲ್ಲಿ ಎರಡನೆಯ ಬಾರಿ ಕಾಯಿಸಿ ಗಟ್ಟಿ ಮಾಡಬೇಕು, ಒಳಮೈಗೆ ಹೊಳೆಯುವ ಫಾಯಿಲ್ ಅಂಟಿಸಬೇಕು.

ಹಳೆಯ ವಿಮಾನದ ಮೂಲ ರೂಪ ಉಳಿಸುವ ಹಟವಿಲ್ಲದಿದ್ದರೆ ಮೂತಿ ಫೈಬರಿನದ್ದು, ಹಿಂದಿನದೆಲ್ಲ ಲೋಹದ್ದು ಎಂಬ ಹಂಚಿಕೆಯೇ ನನಗೆ ಸರಿ ಕಾಣುತ್ತದೆ. ಬಿಸಿ ಹೆಚ್ಚಿರುವುದು ಹಿಂದೆ ಮತ್ತು ಕೆಳಗೆ, ಕಷ್ಟದ ಬಾಗಿರುವುದು ಮುಂದೆ.

ಬ್ಯಾಫಲ್: ಕಾಣದ ಕಡೆಯೇ ಕಷ್ಟ

ಹೊರಗಿನ ಹಾಳೆ ಸ್ವಲ್ಪ ಡೊಂಕಾದರೆ ಕಣ್ಣಿಗೆ ಬೇಸರ, ಅಷ್ಟೇ. ಬ್ಯಾಫಲಿನಲ್ಲಿ ಸಂದು ಬಿದ್ದರೆ ಸಿಲಿಂಡರ್ ಸುಡುತ್ತದೆ. ಲೈಕಮಿಂಗ್ ಸಿಲಿಂಡರ್ ತಲೆಯ ತಾಪದ ಮಿತಿ 500 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 260 ಸೆಲ್ಸಿಯಸ್. ಎಂಜಿನ್ ಬಾಳಬೇಕಾದರೆ 435ರ ಒಳಗಿಡಿ ಎಂಬುದು ತಯಾರಕರದೇ ಸಲಹೆ. ಈ ಅಂತರವನ್ನು ತಿನ್ನುವುದು ಬಹುಪಾಲು ಸಂದುಗಳೇ.

ದಪ್ಪ 0.025 ಅಥವಾ 0.032 ಇಂಚು. ದೊಡ್ಡ ಹಿಂಭಾಗದ ಗೋಡೆಗೆ, ಅದರಲ್ಲೂ ಆಯಿಲ್ ಕೂಲರ್ ನೇತುಹಾಕುವುದಾದರೆ, 0.032ಕ್ಕಿಂತ ಕಡಿಮೆ ಬೇಡ. ಕೂಲರಿನ ಸುತ್ತ ಒಂದು ಇಮ್ಮಡಿ ಹಾಳೆಯನ್ನೂ ರಿವೆಟ್ ಮಾಡಿ. ಸಿಲಿಂಡರುಗಳ ನಡುವಿನ ಸಣ್ಣ ತುಂಡುಗಳಿಗೆ 0.025 ಸಾಕು. ತಗಡು ಸಿಲಿಂಡರಿನ ರೆಕ್ಕೆಗಳಿಗೆ ಉಜ್ಜಬಾರದು. ಮೇಲಂಚಿನ ಸಿಲಿಕೋನ್ ಪಟ್ಟಿ ಒತ್ತಡವಿರುವ ಕಡೆಗೆ ಬಾಗಿರಬೇಕು, ಆಗ ಗಾಳಿಯೇ ಅದನ್ನು ಕೌಲಿಂಗಿಗೆ ಒತ್ತಿ ಹಿಡಿಯುತ್ತದೆ. ತಿರುಗುಮುರುಗಾಗಿ ಬಾಗಿದರೆ ಅದೇ ಗಾಳಿ ಅದನ್ನು ಎತ್ತಿ ಹೊರಹೋಗುತ್ತದೆ.

ಬಿರುಕು ಬಿಟ್ಟ ಬ್ಯಾಫಲನ್ನು ತೇಪೆ ಹಾಕುವುದೋ ಹೊಸದು ಮಾಡುವುದೋ? ಒಂಟಿ ಬಿರುಕಾದರೆ ತುದಿಯಲ್ಲಿ ತೂತು ಕೊರೆದು ನಿಲ್ಲಿಸಿ, ಮೇಲೊಂದು ತೇಪೆ ರಿವೆಟ್ ಮಾಡಿ. ಬರಿಯ ತೂತು ಬಹಳ ದಿನ ತಡೆಯದು. ಮಡಿಕೆಯ ಉದ್ದಕ್ಕೂ ಬಿರುಕು ಓಡಿದ್ದರೆ ತೇಪೆಗೆ ಕೈಹಾಕಬೇಡಿ. ಆ ಲೋಹ ದಣಿದಿದೆ, ಇಲ್ಲವೇ ತ್ರಿಜ್ಯ ಮೊದಲೇ ಚೂಪಾಗಿತ್ತು.

ಜೋಡಣೆಯ ಸಾಮಾನು

ಸ್ಕ್ರೂ ಮತ್ತು ನಟ್‌ಪ್ಲೇಟ್ (ತಗಡಿಗೇ ರಿವೆಟ್ ಮಾಡಿದ ನಟ್) ಅಗ್ಗ, ಗಟ್ಟಿ, ಬಿಚ್ಚಲು ತಡ. ವರ್ಷಕ್ಕೊಮ್ಮೆ ಬಿಚ್ಚುವ ಕಡೆ ಹಾಕಿ. ಕ್ಯಾಮ್‌ಲಾಕ್, ಡ್ಜೂಸ್ ಬಗೆಯ ಕಾಲು ಸುತ್ತಿನ ಫಾಸ್ಟನರ್‌ಗಳು ದುಬಾರಿ, ಆದರೆ ಹಾರುವ ಮುಂಚೆ ಎಂಜಿನ್ ಇಣುಕಿ ನೋಡುವ ಅಭ್ಯಾಸ ಉಳಿಯುವುದು ಇವುಗಳಿಂದಲೇ. ಅವುಗಳ ನಡುವಿನ ಅಂತರ ಹೆಚ್ಚಾದರೆ ತೆಳು ಹಾಳೆ ನಡುವೆ ಉಬ್ಬಿ ಗಾಳಿ ಸೋರುತ್ತದೆ. ತಗಡು ತೆಳುವಾದಷ್ಟೂ ಒತ್ತೊತ್ತಾಗಿ ಹಾಕಬೇಕು. ಪಿಯಾನೋ ಹಿಂಜ್ (ಉದ್ದನೆಯ ಕೀಲುಪಟ್ಟಿ) ಹಗುರ, ಹೊರಗೆ ಕಾಣದು, ಅಂಚನ್ನು ಉದ್ದಕ್ಕೂ ಒಂದೇ ಸಮ ಹಿಡಿಯುತ್ತದೆ. ಪಕ್ಕದ ನೇರ ಗೆರೆಗೆ ಅದಕ್ಕೆ ಸಾಟಿಯಿಲ್ಲ. ಕೆಳಗೆ ಬಿಸಿಗಾಳಿ ಹೊರಬೀಳುವ ಬಾಯಿಯ ಹತ್ತಿರ ಮಾತ್ರ ಅದರ ಕಣ್ಣುಗಳು ಒಂದೊಂದಾಗಿ ಮುರಿಯುತ್ತವೆ. ಅಲ್ಲಿ ಸ್ಕ್ರೂ ಹಾಕುವುದೇ ವಾಸಿ.

ರಿವೆಟಿನಲ್ಲಿ ಬಡಿಯುವ ಗಟ್ಟಿ ರಿವೆಟ್ಟೇ ಮೊದಲ ಆಯ್ಕೆ. ವ್ಯಾಸ, ಸೇರುವ ತಗಡುಗಳಲ್ಲಿ ಹೆಚ್ಚು ದಪ್ಪದ್ದರ ದಪ್ಪಕ್ಕೆ ಸುಮಾರು ಮೂರು ಪಟ್ಟು, ಅಂಚಿನಿಂದ ದೂರ ವ್ಯಾಸದ ಎರಡು ಪಟ್ಟಿಗೆ ಕಡಿಮೆಯಿಲ್ಲ, ಬಡಿದ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ. ಬಡಿಯುವಾಗ ಹಿಂದೆ ಒತ್ತಿ ಹಿಡಿಯುವ ಬಕಿಂಗ್ ಬಾರ್ ಹೋಗದ ಮೂಲೆಯಲ್ಲಿ ಒಂದೇ ಕಡೆಯಿಂದ ಹಾಕುವ, ಚೆರ್ರಿಮ್ಯಾಕ್ಸ್‌ನಂಥ ವಿಮಾನ ದರ್ಜೆಯ ಬ್ಲೈಂಡ್ ರಿವೆಟ್ ಸರಿ. ಹಾರ್ಡ್‌ವೇರ್ ಅಂಗಡಿಯ ಪಾಪ್ ರಿವೆಟ್ ಬೇಡ, ಅದರ ನಡುವಿನ ಕಡ್ಡಿ ಕಂಪನಕ್ಕೆ ಉದುರುತ್ತದೆ, ಉದುರಿದ್ದು ಎಂಜಿನ್ ಕೋಣೆಯೊಳಗೇ ಬೀಳುತ್ತದೆ. ಹೊರಮೈಗೆ ಸಮತಲ ತಲೆ ಬೇಕಾದರೆ 0.032ಕ್ಕಿಂತ ತೆಳು ತಗಡಿನಲ್ಲಿ ತಲೆ ಕೂರುವ ಜಾಗವನ್ನು ಕೊರೆಯದೆ, ಒತ್ತಿ ತಗ್ಗು (ಡಿಂಪಲ್) ಮಾಡಿ.

ಬೆಂಕಿ ಮತ್ತು ಕಾಗದಪತ್ರ

ಎಗ್ಸಾಸ್ಟ್ ಕೊಳವೆಯ ಹತ್ತಿರ ಅಲ್ಯೂಮಿನಿಯಂ ಯಾವುದಾದರೂ ಸರಿ ಎಂಬ ಆಯ್ಕೆಯೇ ಇಲ್ಲ. ಅಮೆರಿಕದ ಸಣ್ಣ ವಿಮಾನಗಳ ಹಳೆಯ (2017ಕ್ಕೆ ಮುಂಚಿನ) ಪಾರ್ಟ್ 23 ನಿಯಮದಂತೆ ಕೌಲಿಂಗ್ ಬೆಂಕಿಗೆ ಕನಿಷ್ಠ ಅಲ್ಯೂಮಿನಿಯಂನಷ್ಟಾದರೂ ತಡೆಯೊಡ್ಡಬೇಕಿತ್ತು. ಎಗ್ಸಾಸ್ಟ್ ಬಾಯಿಗೆ ಹತ್ತಿರವಿದ್ದು ಹೆಚ್ಚು ಕಾಯುವ ಭಾಗಗಳು ಉಕ್ಕಿನಷ್ಟು ತಡೆಯಬೇಕಿತ್ತು. ಎಂಜಿನ್ ಕೋಣೆಯನ್ನು ಬೇರ್ಪಡಿಸುವ ಬೆಂಕಿತಡೆ ಗೋಡೆಯಾದ ಫೈರ್‌ವಾಲಿಗೆ 0.015 ಇಂಚಿನ ಸ್ಟೇನ್‌ಲೆಸ್ ಅಥವಾ ತುಕ್ಕುರಕ್ಷೆಯಿರುವ 0.018 ಇಂಚಿನ ಮೈಲ್ಡ್ ಸ್ಟೀಲ್ ಅದೇ ನಿಯಮ ಒಪ್ಪುತ್ತಿದ್ದ ಲೋಹ. 0.4 ಮಿ.ಮೀ. ಸ್ಟೇನ್‌ಲೆಸ್ ಚದರ ಮೀಟರಿಗೆ 3.2 ಕಿಲೋ ತೂಗುತ್ತದೆ, 0.8 ಮಿ.ಮೀ. ಅಲ್ಯೂಮಿನಿಯಂ 2.2 ಕಿಲೋ. ಹಾಗಾಗಿ ಪೂರ್ತಿ ಕೆಳಭಾಗವನ್ನು ಉಕ್ಕಿನಲ್ಲಿ ಮಾಡದೆ, ಕೊಳವೆಯ ಎದುರು ಮಾತ್ರ ಸಣ್ಣ ಸ್ಟೇನ್‌ಲೆಸ್ ಗುರಾಣಿಯನ್ನು ಗಾಳಿಯಾಡುವ ಸಂದು ಬಿಟ್ಟು ನಿಲ್ಲಿಸಿ. ಎರಡು ಲೋಹ ಮುಟ್ಟುವಲ್ಲಿ ಪ್ರೈಮರ್ ಅಥವಾ ಸೀಲಂಟ್ ಇರಲಿ.

ಪ್ರಮಾಣೀಕೃತ ವಿಮಾನವಾದರೆ ಅಲಾಯ್ ಆಯ್ಕೆಯೇ ನಿಮ್ಮದಲ್ಲ. ಮೂಲ ನಕ್ಷೆಯ ಲೋಹ, ದಪ್ಪ, ಟೆಂಪರ್ ಪಾಲಿಸಬೇಕು, ಅಥವಾ ಬದಲಾವಣೆಗೆ ಒಪ್ಪಿಗೆ ಪಡೆಯಬೇಕು, ಸಹಿ ಹಾಕುವ ಎಂಜಿನಿಯರನ್ನು ತಗಡು ಕತ್ತರಿಸುವ ಮುಂಚೆಯೇ ಕೇಳಬೇಕು. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎಯ 1998ರ ಎಸಿ 43.13-1ಬಿ ಕೈಪಿಡಿಯ ಮಡಿಕೆ ಮತ್ತು ರಿವೆಟ್ ಕೋಷ್ಟಕಗಳು ಸ್ವಂತ ವಿಮಾನ ಕಟ್ಟುವವರಿಗೂ ಪಕ್ಕದಲ್ಲಿರಬೇಕಾದವು.

ಕೂರಿಸುವ ಕ್ರಮ

ಮೂತಿ ಮೊದಲು, ಸ್ಪಿನ್ನರಿಗೆ (ಪ್ರೊಪೆಲ್ಲರ್ ನಡುವಿನ ಮೊನೆ ಟೋಪಿಗೆ) ತಾಳೆ ನೋಡಿ, ಸುಮಾರು 6 ಮಿ.ಮೀ. ಸಂದು ಬಿಟ್ಟು. ಹೊಸ ರಬ್ಬರ್ ಮೌಂಟ್‌ಗಳ ಮೇಲೆ ಎಂಜಿನ್ ಕ್ರಮೇಣ ಸ್ವಲ್ಪ ಕುಸಿಯುತ್ತದೆ, ಆದ್ದರಿಂದ ಈಗ ಸ್ಪಿನ್ನರ್ ಕೂದಲೆಳೆ ಮೇಲಿದ್ದರೇ ಮುಂದೆ ಸಮಕ್ಕೆ ಬರುವುದು. ಎಂಜಿನ್ ಶುರುವಾಗುವಾಗ, ನಿಲ್ಲುವಾಗ ಜೋರಾಗಿ ಅಲುಗಾಡುತ್ತದೆ. ಅದರ ಯಾವ ಭಾಗವೂ ಹಾಳೆಗೆ ಅರ್ಧ ಇಂಚಿಗಿಂತ ಹತ್ತಿರವಿರಬಾರದು. ಆಮೇಲೆ ಮೇಲಿನ ಹಾಳೆ, ಪಕ್ಕದವು, ಕೊನೆಗೆ ಕೆಳಭಾಗ. ಎಲ್ಲವನ್ನೂ ಕ್ಲೀಕೋದಲ್ಲಿ (ತೂತಿಗೆ ಹಾಕಿ ತೆಗೆಯುವ ತಾತ್ಕಾಲಿಕ ಹಿಡಿಕೆ) ಹಿಡಿದು ನೋಡಿ, ಬೇಕಾದ್ದಕ್ಕಿಂತ ಕಾಲು ಇಂಚು ಹೆಚ್ಚು ಬಿಟ್ಟ ಅಂಚನ್ನು ಕಡೆಗೆ ಸವರಿ, ಬಿಸಿಲು ತಾಗಿ ಹಾಳೆ ಹಿಗ್ಗಿರುವ ಹೊತ್ತಿನಲ್ಲಿ ತೂತು ಕೊರೆಯಬೇಡಿ. ರಿವೆಟ್ ಬಡಿಯುವ ಮೊದಲೇ ಒಳಮೈಗೆ ಪ್ರೈಮರ್ ಹೊಡೆಯಿರಿ, ಉಜ್ಜಲು ಸ್ಟೀಲ್ ವುಲ್ ಬಳಸಬೇಡಿ.

ಮೊದಲ ಕೆಲವು ಹಾರಾಟಗಳ ನಂತರ ಕೌಲಿಂಗ್ ಬಿಚ್ಚಿ ಟಾರ್ಚ್ ಹಿಡಿದು ರಿವೆಟ್ ತಲೆಗಳನ್ನು ನೋಡುತ್ತ ಹೋಗಿ. ತಲೆಯ ಸುತ್ತ ಕಪ್ಪು ಹೊಗೆಯಂಥ ಪುಡಿ ಹಿಂದಕ್ಕೆ ಹರಡಿದ್ದರೆ ಆ ರಿವೆಟ್ ಅಲುಗುತ್ತಿದೆ; ಕೊರೆದು ತೆಗೆದು, ತೂತು ಅಗಲವಾಗಿದ್ದರೆ ಒಂದು ಅಳತೆ ದೊಡ್ಡದನ್ನು ಹಾಕಿ. ಒಂದೇ ಸಾಲಿನಲ್ಲಿ ಮೂರ್ನಾಲ್ಕು ಹಾಗೆ ಕಂಡರೆ ರಿವೆಟನ್ನು ಬಿಟ್ಟು ಹಾಳೆಯನ್ನು ನೋಡಿ: ಅಲ್ಲೊಂದು ಏಣು ಬೇಕಿತ್ತು, ಅಥವಾ ಅಲ್ಲಿಯ ತಗಡು ಒಂದು ಗೇಜ್ ದಪ್ಪ ಇರಬೇಕಿತ್ತು.